ಅಂಕಿತ ಸಿಗದ ಪದ

ಹಾರ್ಮೋನಿಯಂ ಅಕ್ಕ ತನ್ನ ಶಿವಗಣಾರಾಧನೆಯ ಹಾಡನ್ನು ತಾನು ಸಾಯುವ ಮೊದಲೇ ಕೇಳಬೇಕೆಂದು ಹಟ ಹಿಡಿದದ್ದು ಕಂಪಲಾಪುರದ ತನ್ನ ಮನೆಯ ಜಗಲಿಯಲ್ಲಿ, ನಾನು ಒಯ್ದಿದ್ದ ಕಜ್ಜಾಯವನ್ನು ತಿನ್ನುತ್ತಾ. ಶಿವಗಣಾರಾಧನೆ ಎಂದರೆ ನಮ್ಮವರಲ್ಲಿ ಸತ್ತವರ ಹೆಸರಿನಲ್ಲಿ ಮಾಡುವ ಕಾರ್ಯ. ಅಯ್ಯನವರು ಬರುತ್ತಾರೆ, ನೆಂಟರು ಉಣ್ಣುತ್ತಾರೆ, ಭಜನೆಯವರು ಹಾಡುತ್ತಾರೆ. ಯಾರಿಗಾಗಿ ಹಾಡುತ್ತಾರೋ ಅವರಿಗೆ ಮಾತ್ರ ಕೇಳುವ ಭಾಗ್ಯವಿಲ್ಲ. ಅದೇ ಅವಳ ತಕರಾರು.

"ಡಾಕ್ಟ್ರು ಗುಂಡಿಗೆ ಸೋತದೆ ಅಂದವ್ರೆ," ಎಂದಳು. "ನಾನ್ ಸತ್ಮೇಲೆ ನೀವೆಲ್ಲ ಸೇರ್ಕಂಡು ಏನೇನ್ ಹಾಡ್ತೀರೋ ಯಾರ್ ಕಂಡೋರು? ಮೊದ್ಲೇ ಕೇಳುಸ್ಬುಡು."

"ಇಷ್ಟೊಂದ್ ಕಜ್ಜಾಯ ತಿಂದ್ಬುಟ್ಟು ಸಾಯೋ ಮಾತಾಡ್ತೀಯಲ್ಲಕ್ಕ."

"ಸಾಯೋರು ಕಜ್ಜಾಯ ತಿನ್ಬಾರ್ದು ಅಂತ ಎಲ್ಲಾರ ಬರ್ದದ? ಸುಮ್ಕೆ ಕೇಳು. ಸಿನಿಮಾ ಧಾಟಿ ಬ್ಯಾಡ. ಹೊಸಾ ಧಾಟಿ ಬೇಕು. ನಿನ್ ಗಿಟಾರ್ ಬೇಕು. ಆಮೇಲೆ ನನ್ ಬಗ್ಗೆ ಇಲ್ದುದ್ದೆಲ್ಲ ಹೊಗಳ್ಬ್ಯಾಡ. ದೇವ್ರಿಗ್ ಬೈದ್ರೂ ಪರ್ವಾಗಿಲ್ಲ, ಸುಳ್ಳು ಮಾತ್ರ ಹಾಡ್ಬ್ಯಾಡ."

ಸಿನಿಮಾ ಧಾಟಿ ಬೇಡ ಎಂದಿದ್ದಕ್ಕೆ ಕಾರಣವಿತ್ತು. ನಮ್ಮ ಕಡೆಯ ಭಜನೆ ಮೇಳಗಳಲ್ಲಿ ಮಾತು ಶಿವನದು, ಧಾಟಿ ಯಾವುದೋ ಸಿನಿಮಾದ್ದು. ದೇವರನ್ನು ಕರೆಯುತ್ತಾ ಇರುವಾಗಲೇ ಕಣ್ಣ ಮುಂದೆ ನಾಯಕ ಬಂದು ಕುಣಿಯುತ್ತಾನೆ. ಅಕ್ಕನಿಗೆ ತನ್ನ ಕಾರ್ಯದಲ್ಲಿ ಯಾರೂ ಕುಣಿಯುವುದು ಬೇಕಿರಲಿಲ್ಲ.

ನಾನು ಹೂಂ ಅಂದೆ. ಇಲ್ಲ ಎನ್ನಲು ನಾಲಿಗೆ ಬರಲಿಲ್ಲ. ಆದರೆ ಹೂಂ ಎನ್ನುವಾಗಲೇ ಒಳಗೆ ಅಳುಕಿತ್ತು, ಏಕೆಂದರೆ ನನಗೆ ಆಗ ದೇವರೂ ಇರಲಿಲ್ಲ, ಗಿಟಾರೂ ಇರಲಿಲ್ಲ. ಎರಡೂ ಒಂದೇ ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ ಇದ್ದವು.

ಅದನ್ನು ಹೇಳಿಬಿಡುತ್ತೇನೆ. ನಾವು ಮೂವರು. ನನ್ನ ತಂಗಿ ಹಾಡುತ್ತಿದ್ದಳು, ಒಡಹುಟ್ಟದೆಯೂ ಅಕ್ಕನಾದ ಇವಳು ಹಾರ್ಮೋನಿಯಂ, ನಾನು ಹವಾಯಿಯನ್ ಗಿಟಾರ್. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ದುಂಡನೆಯ ತುಂಡೊಂದನ್ನು ಹಿಡಿದು, ತಂತಿಯ ಮೇಲೆ ಜಾರಿಸಿ ನುಡಿಸುವ ಗಿಟಾರ್ ಅದು. ಕೊರೊನಾ ಕಾಲದಲ್ಲಿ ತಂಗಿ ಹೋದಳು. ಪ್ಲಾಸ್ಟಿಕ್ ಅಂಗಿ ತೊಟ್ಟವರು ಅವಳನ್ನು ಮಣ್ಣು ಮಾಡಿದರು. ಹಣೆಗೆ ವಿಭೂತಿ ಇಲ್ಲ, ಎಡ ಅಂಗೈಯಲ್ಲಿ ಲಿಂಗ ಇಲ್ಲ. ನಾವು ರಸ್ತೆಯ ಆಚೆ ನಿಂತು ನೋಡಿದೆವು. ಮನೆಗೆ ಬಂದವಳು ಸ್ನಾನ ಮಾಡಿ, ಕೊರಳಲ್ಲಿದ್ದ ನನ್ನ ಇಷ್ಟಲಿಂಗವನ್ನು ತೆಗೆದು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಗಿಟಾರ್ ಪೆಟ್ಟಿಗೆಯೊಳಗೆ ಉಕ್ಕಿನ ತುಂಡಿನ ಪಕ್ಕ ಇಟ್ಟು ಮುಚ್ಚಿದೆ. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ದೇವರ ಕೋಣೆಗೆ ಹೋಗುವುದನ್ನೂ ಬಿಟ್ಟೆ. ಮಂಡಿ ನೋವು ಎಂದೆ. ಮಂಡಿ ನಿಜಕ್ಕೂ ನೋಯುತ್ತಿದ್ದುದರಿಂದ ಅದು ಅರ್ಧ ಸುಳ್ಳು ಮಾತ್ರ.

ಅಟ್ಟದಿಂದ ಪೆಟ್ಟಿಗೆ ಇಳಿಸಿದ್ದು ಸೊಸೆಯೇ. ತೆರೆದರೆ ಆರೂ ತಂತಿ ತುಕ್ಕು ಹಿಡಿದು, ಒಂದು ತಾನಾಗಿಯೇ ತುಂಡಾಗಿ ಸುರುಳಿ ಸುತ್ತಿಕೊಂಡಿತ್ತು. ಉಕ್ಕಿನ ತುಂಡು ಹಾಗೇ ಇತ್ತು. ರೇಷ್ಮೆ ಗಂಟೂ ಹಾಗೇ ಇತ್ತು. ಉಕ್ಕನ್ನು ತೆಗೆದುಕೊಂಡೆ, ಗಂಟನ್ನು ಮುಟ್ಟಲಿಲ್ಲ.

ತಂತಿಗಾಗಿ ಮೈಸೂರಿಗೇ ಹೋಗಬೇಕಾಯಿತು. ಅಂಗಡಿಯ ಹುಡುಗ ನನ್ನನ್ನೂ ನನ್ನ ಸೆರಗನ್ನೂ ನೋಡಿ, "ಮೊಮ್ಮಗನಿಗಾ ಅಜ್ಜಿ?" ಎಂದ.

"ಅಲ್ಲ ಕಣಪ್ಪ, ಬಟ್ಟೆ ಒಣಗಾಕಕ್ಕೆ," ಎಂದೆ. ಪಾಪ, ಅವನು ಇದು ತೆಳುವಾಯಿತು, ಪ್ಲಾಸ್ಟಿಕ್ ಹಗ್ಗ ಒಳ್ಳೆಯದು ಎಂದು ಬುದ್ಧಿ ಹೇಳಿದ.

ತಂತಿ ಕಟ್ಟುವುದು ಒಂದು ಬೆಳಗಿನ ಕೆಲಸ. ಈ ಗಿಟಾರಿನಲ್ಲಿ ತಂತಿಗಳು ಎತ್ತರದಲ್ಲಿರಬೇಕು, ಮರದ ಮೇಲಿನ ಮೆಟ್ಟುಗಳಿಗೆ ತಾಗಬಾರದು. ಉಕ್ಕು ತಂತಿಯನ್ನು ಒತ್ತುವುದಿಲ್ಲ, ಅದರ ಮೇಲೆ ತೇಲುತ್ತದೆ ಅಷ್ಟೇ. ಸರಿಯಾಗಿ ಮೆಟ್ಟಿನ ನೇರಕ್ಕೆ ನಿಲ್ಲಬೇಕು. ಕೂದಲೆಳೆ ಈಚೆ ಬಂದರೂ ಅಪಸ್ವರ, ಆಚೆ ಹೋದರೂ ಅಪಸ್ವರ. ಉಕ್ಕಿನ ಹಿಂದೆ ಉಳಿದ ಬೆರಳುಗಳು ತಂತಿಯನ್ನು ಸವರಿಕೊಂಡೇ ಬರಬೇಕು, ಇಲ್ಲವಾದರೆ ಹಿಂದಿನ ತಂತಿ ಜೇನ್ನೊಣದ ಹಾಗೆ ಗುಂಯ್‌ಗುಟ್ಟುತ್ತದೆ. ಆರೂ ತಂತಿಗಳನ್ನು ಅಕ್ಕನ ಹಾರ್ಮೋನಿಯಂನ ಶ್ರುತಿಗೆ, ಕಪ್ಪು ಎರಡಕ್ಕೆ, ಅಂದರೆ ಎರಡನೇ ಕಪ್ಪು ಮನೆಗೆ, ಕೂರಿಸಿದೆ. ಬಿಟ್ಟ ತಂತಿಗಳನ್ನು ಒಮ್ಮೆಗೇ ಮೀಟಿದರೆ ಸ, ಗ, ಪ ಕೂಡಿಕೊಂಡು ಕೇಳಬೇಕು. ಕೇಳಿತು. ಆದರೆ ಉಕ್ಕು ಜಾರಿಸಿದಾಗ ಬಂದದ್ದು ಸ್ವರವಲ್ಲ, ಬಾಗಿಲ ಕೀಲು ಕಿರುಗುಟ್ಟುವ ಸದ್ದು. ಬೆರಳಗಂಟುಗಳು ಮರಗಟ್ಟಿದ್ದವು. ಮೊದಲ ದಿನವೇ ಉಕ್ಕು ಕೈಜಾರಿ ಕಾಲ ಹೆಬ್ಬೆರಳ ಮೇಲೆ ಬಿತ್ತು.

ಹಾರ್ಮೋನಿಯಂಗೆ ಮನೆಗಳಿವೆ, ಬೆರಳಲ್ಲಿ ಒತ್ತುವ ಕಪ್ಪು ಬಿಳಿ ಪಟ್ಟಿಗಳು. ಒಂದು ಮನೆ ಬಿಟ್ಟು ಇನ್ನೊಂದಕ್ಕೆ ನೆಗೆಯಬೇಕು. ಉಕ್ಕಿಗೆ ಮನೆಯಿಲ್ಲ, ನಡುವಿನ ದಾರಿಯೆಲ್ಲ ಅದರದೇ. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಸತ್ತವರ ಗುಣ ಹೇಳಿಕೊಂಡು ರಾಗವಾಗಿ ಅಳುತ್ತಾರಲ್ಲ, ಆ ಅಳು ಇರುವುದೂ ಆ ನಡುವಿನ ದಾರಿಯಲ್ಲೇ. ಹಿಂದೆ ನನಗೆ ಆ ದಾರಿ ಗೊತ್ತಿತ್ತು. ಈಗ ಹುಡುಕಬೇಕಾಯಿತು.

ಕೈ ಹೇಗೋ ಹದಕ್ಕೆ ಬಂತು, ಮಾತು ಬರಲಿಲ್ಲ. ಪದ ಕಟ್ಟಿದವರು ಕೊನೆಯ ನುಡಿಯಲ್ಲಿ ತಾವು ನಂಬಿದ ದೇವರ ಹೆಸರು ಇಡುತ್ತಾರೆ. ಅದು ಅಂಕಿತ. ಸಹಿ ಹಾಕಿದ ಹಾಗೆ. ನಾನು ಯಾರ ಹೆಸರು ಇಡಲಿ? ಅಕ್ಕ ಹುಟ್ಟಿದ್ದು ಬೆಟ್ಟದಪುರ. ಅಲ್ಲಿನ ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನ ಇದ್ದಾನೆ, ನಮ್ಮ ಬಾಯಲ್ಲಿ ಮಲ್ಲಯ್ಯ. ಸರಿ, ಅವಳ ದೇವರು, ಅವಳ ಹಾಡು ಎಂದು ಮಲ್ಲಯ್ಯನನ್ನೇ ಕೊನೆಗೆ ಕೂರಿಸಿದೆ. ಮೇಲೆ ಕರುಣಾಸಾಗರ, ಭಕ್ತವತ್ಸಲ, ಭವಬಂಧನ ಎಂದು ಇದ್ದಬದ್ದ ದೊಡ್ಡ ಮಾತುಗಳನ್ನೆಲ್ಲ ಜೋಡಿಸಿದೆ. ಸುಳ್ಳು ಬೇಡ ಎಂದಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ನಿಜವೂ ಇರಲಿಲ್ಲ.

ಧಾಟಿ ಮಾತ್ರ ಹತ್ತಿರ ಸುಳಿಯಲಿಲ್ಲ. ಹೊಸದೆಂದು ಹಿಡಿದದ್ದೆಲ್ಲ ಎರಡನೇ ಸಾಲಿಗೆ ಯಾವುದೋ ಸಿನಿಮಾ ಆಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ಕಾಫಿ ಕುಡಿದು, ಮುಂಬಾಗಿಲು ತೆರೆದಿಟ್ಟು, ಗಿಟಾರ್ ತೊಡೆಗೇರಿಸಿಕೊಂಡು ಸುಮ್ಮನೆ ಉಕ್ಕನ್ನು ತೇಲಿಸುತ್ತಿದ್ದೆ. ಆಗ ಒಂದು ಧಾಟಿ ಬಂತು. ಇಡಿಯಾಗಿ ಬಂತು. ಮೊದಲ ಸಾಲು, ತಿರುವು, ಎರಡನೇ ಸಾಲು, ಮೇಲಿನ 'ಸ'ಕ್ಕೆ ಹೋಗಿ ಇಳಿಯುವುದು, ಎಲ್ಲ. ನಾನು ಹುಡುಕಲೇ ಇಲ್ಲ, ಕೈ ತಾನಾಗಿ ಹೋಯಿತು. ಕಣ್ಣಲ್ಲಿ ನೀರು ಬಂತು. ಎಷ್ಟೋ ಕಾಲದ ಮೇಲೆ ಯಾರೋ ಹತ್ತಿರ ಬಂದು ಕೂತ ಹಾಗಾಯಿತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಕ್ಕನಿಗೆ ಫೋನು ಮಾಡಿದೆ.

"ಅಕ್ಕ, ಧಾಟಿ ಸಿಕ್ತು ಕಣಕ್ಕ. ನಾನ್ ಮಾಡಿದ್ದಲ್ಲ. ದೇವ್ರೇ ಕೊಟ್ಟ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು.

"ನೀನು ದೇವ್ರು ಅಂದ್ಯ?" ಎಂದಳು. "ಇನ್ನೊಂದ್ ಸಲ ಅನ್ನು."

"ದೇವ್ರು ಕಣಕ್ಕ."

ಅವಳು ಅತ್ತಳು. ಗುಂಡಿಗೆ ಸೋತಿದೆ ಎಂದು ಡಾಕ್ಟರು ಹೇಳಿದಾಗ ಅಳದವಳು ಇದಕ್ಕೆ ಅತ್ತಳು. "ಬೇಗ ಬಾ. ಹಾರ್ಮೋನಿಯಂ ಒರ್ಸಿ ಮಡ್ಗಿರ್ತೀನಿ. ನಾನೂ ನುಡ್ಸ್ತೀನಿ," ಎಂದಳು.

ಅವತ್ತೇ ಹೋಗಬೇಕಿತ್ತು. ಹೋಗಲಿಲ್ಲ. ಮೊದಲು ನಮ್ಮ ಮೇಳದ ಹೆಂಗಸರ ಮುಂದೆ ನುಡಿಸಿ ಸೈ ಅನ್ನಿಸಿಕೊಳ್ಳಬೇಕು ಎನ್ನುವ ಆಸೆ.

ಪಿರಿಯಾಪಟ್ಟಣದಲ್ಲಿ ನಮ್ಮ ಬೀದಿಯ ದೇವಸ್ಥಾನದ ಹಾಲಿನಲ್ಲಿ ಸೋಮವಾರ ಸಂಜೆ ಭಜನೆ. ಮೇಳಕ್ಕೆ ಯಜಮಾನಿ ಒಬ್ಬ ರಿಟೈರ್ ಆದ ಟೀಚರಮ್ಮ. ಮೈಕು, ಹೊರಗೊಂದು ಸ್ಪೀಕರು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ಧಾಟಿ ಹೇಗೆ ಬಂತು ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. "ಈ ಕೈ ನಿಮಿತ್ತ ಅಷ್ಟೇ," ಎಂದು ಕೈ ಎತ್ತಿ ತೋರಿಸಿದೆ. ಆ ಕೈಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನುಡಿಸಿದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಮುಂದೆ ಕೂತವರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ಸಾಲಿಗೆ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಭಕ್ತಿಯಿಂದ ಅಳುತ್ತಿದ್ದಾಳೆ ಎಂದುಕೊಂಡು ನಾನು ಇನ್ನೂ ಜಾರಿಸಿದೆ. ಆಗ ಎದುರು ಮನೆಯಾಕೆ ಹಸಿರು ಬಕೆಟ್ಟು ಒಂದು ಕೈಯಲ್ಲಿ, ನೀಲಿ ಬಕೆಟ್ಟು ಇನ್ನೊಂದರಲ್ಲಿ ಹಿಡಿದು ಏದುಸಿರು ಬಿಡುತ್ತಾ ದೇವಸ್ಥಾನದ ಬಾಗಿಲಿಗೆ ಬಂದಳು.

"ಎಲ್ರವ್ವ ಗಾಡಿ? ಇದೇನ್ ಇವತ್ತು ಸಂಜೆ ಹೊತ್ಗೆ ಬಂದವ್ನೆ? ನಿಲ್ಸಿ ನಿಲ್ಸಿ, ಹಸಿ ಕಸ ಬೆಳಗಿಂದ ಅಂಗೇ ನಾರ್ತಾ ಅದೆ!"

ಹಾಲಿನಲ್ಲಿ ನಗು ಒಡೆಯಿತು. ಟೀಚರಮ್ಮ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನಗೆ ಇನ್ನೂ ಅರ್ಥವಾಗಿರಲಿಲ್ಲ. ಅವರೇ ಪಾಠ ಹೇಳುವ ಹಾಗೆ ಹಾಡಿ ತೋರಿಸಿದರು. ಬೆಳಿಗ್ಗೆ ಬೀದಿ ಬೀದಿಗೆ ಬರುವ ಕಸದ ಆಟೋ ಇದೆಯಲ್ಲ, ಅದರ ತಲೆಯ ಮೇಲಿನ ಸ್ಪೀಕರಿನ ಹಾಡು. ಕಸ ತನ್ನಿ, ಕಸ ತನ್ನಿ, ಹಸಿ ಬೇರೆ, ಒಣ ಬೇರೆ. ಸಾಲಿಗೆ ಸಾಲು, ತಿರುವಿಗೆ ತಿರುವು, ಮೇಲಿನ ಸ ಸಮೇತ.

"ಏನವ್ವ ಇದು?" ಎಂದರು ಟೀಚರಮ್ಮ.

ನನ್ನ ಬಾಯಿ ನನಗಿಂತ ಮುಂದೆ ಓಡಿತು. "ಬೇಕಂತ್ಲೇ ಮಾಡ್ದೆ ಕಣ್ರವ್ವ. ನಿಮ್ ಕಿವಿ ನೆಟ್ಟಗಿದ್ದಾವಾ ಅಂತ ನೋಡ್ಬೇಕಿತ್ತು."

ಎಲ್ಲರೂ ನಂಬಿದರು. ಪ್ರಸಾದದ ಪೊಟ್ಟಣದಲ್ಲಿ ಕಲ್ಲು ಕಟ್ಟಿ ಕೊಟ್ಟವಳು, ಹೋಳಿಗೆಯೊಳಗೆ ಹತ್ತಿ ಇಟ್ಟು ಬಡಿಸಿದವಳು ಎಂದು ನನಗೆ ಬೀದಿಯಲ್ಲಿ ಹೆಸರಿದೆ. ಇನ್ನಷ್ಟು ನಕ್ಕರು. ಬಕೆಟ್ಟಿನವಳು ಬಕೆಟ್ಟು ಅಲ್ಲೇ ಇಟ್ಟು ಕೂತಳು. ನಾನೂ ನಕ್ಕೆ. ಆ ನಗುವಿಗಿಂತ ದೊಡ್ಡ ನಾಚಿಕೆ ನನಗೆ ಇನ್ನೊಂದಿಲ್ಲ. ನನಗೆ ಅಳು ತಂದ ಒಂದೇ ಒಂದು ಧಾಟಿಯನ್ನು ನಾನೇ ತಮಾಷೆ ಎಂದುಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಪರದೆಯ ಹಿಂದೆ ನಿಂತು ಗಾಡಿಗೆ ಕಾದೆ. ಬಂತು. ಅದೇ. ದಿನವೂ ಕಾಫಿ ಕುಡಿಯುವ ಹೊತ್ತಿಗೆ ಕಿವಿಯ ಮೇಲೆ ಬಿದ್ದೂ ಬಿದ್ದೂ ಒಳಗೆ ಇಳಿದು ಕೂತದ್ದು, ತಂತಿಯ ಮೇಲೆ ಎದ್ದು ಬಂದಿತ್ತು. ನಾನು ದೇವರೆಂದು ಅತ್ತದ್ದು ಕಸದ ಗಾಡಿಗೆ.

ಉಕ್ಕನ್ನು ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿದೆ. ಮಧ್ಯಾಹ್ನ ಮತ್ತೆ ತೆರೆದೆ. ಅಕ್ಕನಿಗೆ ಬೇರೆ ಧಾಟಿ ಮಾಡಿ ಕೊಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎನ್ನುವ ಲೆಕ್ಕ. ಶ್ರುತಿ ಇಳಿಸಿ ನೋಡಿದೆ. ನಾಲ್ಕರ ತಾಳವನ್ನು ಮೂರಕ್ಕೆ ತಿರುಗಿಸಿದೆ. ಗಾಂಧಾರವನ್ನು ಅರ್ಧ ಮೆಟ್ಟು ಕೆಳಗೆ ಹಿಡಿದೆ. ಕೆಳಗಿನ ತಂತಿಯಿಂದ ಶುರು ಮಾಡಿದೆ. ಏನು ಮಾಡಿದರೂ ಮೂರನೇ ಸುತ್ತಿಗೆ ಗಾಡಿ ಬೀದಿಯ ತಿರುವಿನಲ್ಲಿ ಬಂದು ನಿಲ್ಲುತ್ತಿತ್ತು.

ಅಷ್ಟರಲ್ಲಿ ಅಕ್ಕನ ಫೋನುಗಳು. ನಾನು ಎತ್ತಲಿಲ್ಲ. ಸೊಸೆಯ ಫೋನಿಗೆ ಬಂದರೆ, ಅತ್ತೆ ಸ್ನಾನಕ್ಕೆ ಹೋಗಿದ್ದಾರೆ ಎನ್ನು ಎಂದೆ.

"ಅತ್ತೆ, ನೀವು ಬೆಳಗಿಂದ ಸಂಜೆಗಂಟ ಸ್ನಾನನೇ ಮಾಡ್ತಿದ್ದೀರ ಅನ್ಕೊಂಡಿರ್ತಾರೆ ಅವ್ರು," ಎಂದಳು ಸೊಸೆ.

"ಕೊಳೆ ಜಾಸ್ತಿ ಅದೆ ಅನ್ನು."

"ಹೋಗಿ ಬಂದ್ಬುಡಿ ಅತ್ತೆ. ಏನಾಯ್ತೋ ಅದ್ನೇ ಹೇಳಿ. ಅವ್ರೇನು ಹೊಡೀತಾರಾ?"

ಹೊಡೆಯುವುದಿಲ್ಲ. ಆದರೆ ಫೋನಿನಲ್ಲಿ ಅತ್ತವಳಿಗೆ, ಅದು ದೇವರಲ್ಲ ಕಣಕ್ಕ, ಕಸದ ಗಾಡಿ ಎಂದು ಯಾವ ಬಾಯಲ್ಲಿ ಹೇಳಲಿ? ನಾಳೆ ಹೋಗುತ್ತೇನೆ ಎಂದೆ. ಮಾರನೆಯ ದಿನವೂ ನಾಳೆ ಎಂದೆ.

ಆಮೇಲೆ ಫೋನು ಬರುವುದು ನಿಂತಿತು. ನನಗೆ ಹಾಯೆನಿಸಿತು. ಇದನ್ನೆಲ್ಲ ಫೋನಿನಲ್ಲೇ ಬರೆಯುತ್ತಿದ್ದೇನೆ, ಈ ಸಾಲನ್ನು ಒತ್ತುವಾಗ ನನ್ನ ಬೆರಳು ಅಲ್ಲೇ ನಿಂತುಬಿಡುತ್ತದೆ. ಟೈಪು ಮಾಡಲು ಈಗಷ್ಟೇ ಕಲಿತಿದ್ದೇನೆ. ನಾನು ಅಕ್ಕ ಎಂದು ಮುಗಿಸುವ ಮೊದಲೇ ಇದು 'ಅಕ್ಕಿ' ಬೇಕೇ ಎಂದು ಕೇಳುತ್ತದೆ. ಆದರೆ ಬೆರಳು ನಿಂತದ್ದು ಅದಕ್ಕಲ್ಲ. ಹಾಯೆನಿಸಿತು ಎನ್ನುವುದು ನಿಜ, ಆದ್ದರಿಂದ ಹಾಗೇ ಬಿಡುತ್ತೇನೆ.

ಕೊನೆಗೆ ಫೋನು ಮಾಡಿದ್ದು ಅಕ್ಕನ ನಾದಿನಿ. ಅಕ್ಕನಿಗೆ ಸ್ಟ್ರೋಕು ಹೊಡೆದಿತ್ತು. ಬಲಭಾಗ ಪೂರ್ತಿ ಬಿದ್ದಿದೆ, ಮಾತು ತೊದಲು, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ.

ಬಲಗೈ. ಹಾರ್ಮೋನಿಯಂ ನುಡಿಸುವ ಕೈ.

ಕಿತ್ತಲೆಹಣ್ಣು, ಬ್ರೆಡ್ಡು ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದೆ. ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಇಳಿದೆ. ಹಣ್ಣು ಒಯ್ದರೆ ರೋಗಿಯನ್ನು ನೋಡಲು ಹೋದ ಹಾಗೆ ಆಗುತ್ತದೆ. ಅವಳು ನನ್ನನ್ನು ಹಣ್ಣು ಕೇಳಿರಲಿಲ್ಲ. ಮನೆಗೆ ವಾಪಸು ನಡೆದೆ. ಸೊಸೆ ಪೆಟ್ಟಿಗೆ ತಂದು ಕೈಗೆ ಕೊಟ್ಟಳು. ಧಾಟಿ ಸಿಗಲಿ ಬಿಡಲಿ, ಆದದ್ದನ್ನು ಹೇಳಿ, ಇರುವುದನ್ನೇ ನುಡಿಸುವುದು ಎಂದು ಆ ದಾರಿಯಲ್ಲೇ ತೀರ್ಮಾನವಾಯಿತು.

"ಏನಜ್ಜಿ ಇದು, ಹೊಲಿಗೆ ಮಿಷಿನ್ನಾ?" ಎಂದ ಕಂಡಕ್ಟರು.

"ಹೂಂ ಕಣಪ್ಪ. ಹರ್ದಿರೋದು ಒಂದದೆ," ಎಂದೆ. ಅವತ್ತು ನನಗೆ ತಮಾಷೆ ಬೇಕಿರಲಿಲ್ಲ, ಬಾಯಿಗೆ ಅಭ್ಯಾಸ.

ಅಕ್ಕನ ಮನೆಯ ಬಾಗಿಲಲ್ಲಿ ನಾದಿನಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ನಾಲಿಗೆಗೆ ಮುಲಾಜಿಲ್ಲದ ಹೆಂಗಸು. "ಬಂದ್ಯ? ಸ್ನಾನ ಆಯ್ತಾ?" ಎಂದಳು. "ಎಡಗೈಲಿ ಪೋನ್ ಒತ್ತಕ್ಕಾಗ್ದೆ ನನ್ ಕೈಲಿ ಒತ್ತುಸ್ದಳು. ಬತ್ತಾಳೆ, ಬತ್ತಾಳೆ ಅಂತ ಹಾರ್ಮೋನಿಯಂ ಮಗ್ಗುಲಲ್ಲೇ ಮಡಿಕ್ಕಂಡ್ ಮನ್ಗವ್ಳೆ."

ಅಕ್ಕ ಮಂಚದ ಮೇಲಿದ್ದಳು. ಮುಖದ ಬಲಗಡೆ ಜೋತಿತ್ತು. ಎಡಗಣ್ಣು ಮಾತ್ರ ನನ್ನನ್ನು ಹಿಡಿಯಿತು. ಪಕ್ಕದಲ್ಲಿ ಹಾರ್ಮೋನಿಯಂ. ಒಣಗಿಸುವ ಕಡ್ಡಿಗೆ ಹೊಗೆಸೊಪ್ಪಿನ ಎಲೆ ಕಟ್ಟಿ ಕಟ್ಟಿ, ಅದರ ಅಂಟು ಉಗುರ ಸಂದಿಯಲ್ಲಿರುವಾಗಲೇ ಬಂದು ನುಡಿಸುತ್ತಿದ್ದವಳು ಅವಳು. ಬಿಳಿ ಮನೆಗಳೆಲ್ಲ ಬೆರಳು ಬೀಳುವ ಜಾಗದಲ್ಲಿ ಕಂದು ತಿರುಗಿದ್ದವು. ಒರೆಸಿ ಇಡುತ್ತೇನೆ ಎಂದಿದ್ದಳಲ್ಲ, ಒರೆಸಿದ್ದಳು. ಕಲೆ ಹೋಗಿರಲಿಲ್ಲ.

ನಾನು ಕೆಳಗೆ ಕೂತೆ. ಎಲ್ಲ ಹೇಳಿದೆ. ಗಾಡಿ, ಬಕೆಟ್ಟು, ಬೇಕಂತಲೇ ಮಾಡಿದೆ ಎಂದದ್ದು, ಸ್ನಾನ, ಎಲ್ಲ. ತಲೆ ಎತ್ತಿ ಹೇಳಲಾಗಲಿಲ್ಲ, ಅವಳ ಬಿದ್ದುಹೋದ ಬಲಗೈಯನ್ನು ನೋಡಿಕೊಂಡು ಹೇಳಿದೆ.

ನಾದಿನಿ ಕೇಳಿಸಿಕೊಂಡು, "ಸಾಯ್ತಾ ಬಿದ್ದೋಳು ಇವ್ಳು, ಮಾನದ್ ಚಿಂತೆ ನಿಂಗೆ," ಎಂದಳು.

ಆಗ ಅಕ್ಕನ ಗಂಟಲಲ್ಲಿ ಏನೋ ಗೊರಗುಟ್ಟಿತು. ಹೆದರಿ ನೋಡಿದೆ. ನಗುತ್ತಿದ್ದಳು. ಅರ್ಧ ಮುಖ ನಗುತ್ತಿತ್ತು, ಉಳಿದರ್ಧ ಸುಮ್ಮನಿತ್ತು. ಏನೋ ಅಂದಳು, ನನಗೆ ತಿಳಿಯಲಿಲ್ಲ.

"ಗಾಡಿ ದಿನಾ ಬತ್ತದಲ್ಲ, ಅಂತವ್ಳೆ," ಎಂದಳು ನಾದಿನಿ. "ನಿಮ್ಗೇನ್ ಬುಡಿ. ನಮ್ಮ ಬೀದಿಗೆ ಅದೂ ಗತಿಯಿಲ್ಲ."

ಅಕ್ಕ ಎಡಗೈಯಿಂದ ಹಾರ್ಮೋನಿಯಂ ತಟ್ಟಿದಳು. ನುಡಿಸು ಎಂದು.

ಅದನ್ನು ಅವಳ ಎಡಕ್ಕೆ ತಿರುಗಿಸಿ ಇಟ್ಟೆವು. ಎಡಗೈಗೆ ಗಾಳಿಯ ತಿದಿ ಸಿಕ್ಕಿತು. ಮನೆ ಒತ್ತಲು ಕೈಯಿಲ್ಲ. ಕಪ್ಪು ಎರಡನ್ನು ಒತ್ತಿ, ಅದರ ಸಂದಿಗೆ ಬೆಂಕಿಕಡ್ಡಿಯೊಂದನ್ನು ಸಿಕ್ಕಿಸಿ ನಿಲ್ಲಿಸಿದೆ. ಅವಳು ತಿದಿ ಒತ್ತಿದಳು, ಶ್ರುತಿ ಎದ್ದಿತು. ನಾನು ಗಿಟಾರ್ ತೊಡೆಗೆ ತೆಗೆದುಕೊಂಡು ಗಾಡಿಯ ಧಾಟಿಯನ್ನು ಶುರು ಮಾಡಿದೆ, ಗಾಡಿಯ ಓಟದಲ್ಲೇ.

ಅಕ್ಕನ ತಿದಿ ಆ ಓಟಕ್ಕೆ ಬರಲಿಲ್ಲ. ಒಮ್ಮೆ ಒತ್ತುತ್ತಿದ್ದಳು, ಶ್ರುತಿ ಉಬ್ಬುತ್ತಿತ್ತು. ಕೈ ಸೋತು ನಿಲ್ಲುತ್ತಿತ್ತು, ಶ್ರುತಿ ಕುಗ್ಗಿ ಇನ್ನೇನು ಆರಿತು ಅನ್ನುವಾಗ ಮತ್ತೆ ಒತ್ತುತ್ತಿದ್ದಳು. ನಾನು ನಿಧಾನಿಸಬೇಕಾಯಿತು. ಅವಳು ಒತ್ತಿದಾಗ ಮೀಟುವುದು, ಅವಳು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಉಕ್ಕನ್ನು ಎತ್ತದೆ ಹಿಡಿದುಕೊಂಡಿರುವುದು, ಶ್ರುತಿ ಕುಗ್ಗಿದ ಹಾಗೆ ಅದರ ಜೊತೆಗೇ ಕೆಳಗೆ ಜಾರುವುದು. ಗಾಂಧಾರ ಗಾಂಧಾರವಾಗಿ ನಿಲ್ಲಲಿಲ್ಲ, ಕೆಳಗಿನ ಆ ನಡುವಿನ ದಾರಿಗೆ ಇಳಿಯಿತು. ಮೇಲಿನ ಸ ಸೇರುವ ಮೊದಲೇ ಸೋತು ಹಿಂದಕ್ಕೆ ಬಂತು. ಅದೇ ಧಾಟಿ. ಹೊಸದಾಗಿ ಒಂದು ಸ್ವರವನ್ನೂ ನಾನು ಸೇರಿಸಿರಲಿಲ್ಲ. ಆದರೆ ಸತ್ತ ಮನೆಯ ಮುಂದೆ ಹೆಂಗಸರು ಅಳುವುದು ಹೀಗೇ. ಎರಡನೇ ಸುತ್ತಿಗೆ ನಾದಿನಿ ಗೋಡೆಗೆ ಒರಗಿ ಕೂತಳು.

ಕರುಣಾಸಾಗರ ಎಂದು ಹಾಡಲು ಹೋದೆ. ಆ ಮಾತು ಈ ಓಟದಲ್ಲಿ ನಿಲ್ಲಲಿಲ್ಲ, ಬಿದ್ದುಹೋಯಿತು. ಬಾಯಿಗೆ ಬಂದದ್ದನ್ನು ಹಾಡಿದೆ.

ಬಾಗಿಲಿಗೆ ಬಂದವ್ನೆ, ತಾರವ್ವ ಅಂತವ್ನೆ
ಮೂಲೇಲಿ ಮುಚ್ಚಿಟ್ಟ ಕಸವ ತಾರವ್ವ
ಅಂಟು ಮೆತ್ತಿದ ಕೈಯಿ, ಹೊಗೆ ಕುಡಿದ ಸೀರೆ
ಯಾವ ಮುಖವ ಹೊತ್ತು ಎದುರು ನಿಲ್ಲಲಯ್ಯ

ಅಕ್ಕ ತಿದಿ ಒತ್ತಿದಳು. ಮುಂದಿನದು ತಂಗಿಯ ಮೇಲೆ ಬಂತು. ನಾನು ಕರೆದದ್ದಲ್ಲ.

ತಂಗೀಯ ಮಣ್ಣಿಗೆ ಬರಲಿಲ್ಲ ನೀನು
ಚಿಟಿಕೆ ವಿಭೂತಿಯ ತರಲಿಲ್ಲ ನೀನು
ಇವತ್ತು ಯಾಕಪ್ಪ ಕೂಗ್ತೀಯೆ ನಿಂತು
ತುಂಬಿ ಕುಂತದೆ ಬುಟ್ಟಿ, ತಗೊಳ್ಳೋ...

ಅಲ್ಲಿ ಹೆಸರು ಬರಬೇಕು. ಅಂಕಿತದ ಜಾಗ. ಸುಳ್ಳು ಹಾಡಬೇಡ ಎಂದಿದ್ದಳು. ಹೆಸರಿನ ಜಾಗದಲ್ಲಿ ಉಕ್ಕನ್ನು ಮೇಲಕ್ಕೆ ಜಾರಿಸಿ, ಅಲ್ಲೇ ನಡುಗಿಸುತ್ತಾ ಹಿಡಿದುಕೊಂಡೆ. ಆ ಖಾಲಿಯೊಳಗೆ ಅಕ್ಕ ತೊದಲಿದಳು. "ಮ... ಮಯ್ಯಯ್ಯ."

ಮಲ್ಲಯ್ಯ ಎಂದು. ಅವಳ ಹಾಡಿಗೆ ಅವಳೇ ಅಂಕಿತ ಹಾಕಿಕೊಂಡಳು. ನಾನು ಹಾಕಲಿಲ್ಲ.

ಆಮೇಲೆ ಅಡಿಗಡಿಗೆ ಹೋಗುತ್ತಿದ್ದೆ. ಬೆಂಕಿಕಡ್ಡಿ ಸಿಕ್ಕಿಸುವುದು, ನುಡಿಸುವುದು. ಅವಳ ಕೈ ದಿನದಿಂದ ದಿನಕ್ಕೆ ಸೋಲುತ್ತಿತ್ತು, ಹಾಡೂ ನಿಧಾನವಾಗುತ್ತಾ ಹೋಯಿತು. ಕೊನೆ ಕೊನೆಗೆ ತಿದಿಯನ್ನು ನಾದಿನಿ ಒತ್ತಿದಳು, ಅಕ್ಕನ ಕೈಯನ್ನು ತನ್ನ ಕೈಯ ಮೇಲೆ ಇರಿಸಿಕೊಂಡು. ಅಕ್ಕ ಎರಡೂ ಕೈಯಲ್ಲಿ ಈ ಹಾಡನ್ನು ನುಡಿಸಬಹುದಿತ್ತು. ಫೋನು ಮಾಡಿದ ದಿನವೇ ನಾನು ಹೋಗಿದ್ದಿದ್ದರೆ ನುಡಿಸಿರುತ್ತಿದ್ದಳು. ಅದನ್ನು ನಾನು ಕಳೆದೆ. ಅವಳು ಒಂದು ದಿನವೂ ಹಾಗೆ ಅನ್ನಲಿಲ್ಲ, ಅದಕ್ಕೇ ಅದು ಇನ್ನೂ ಹಾಗೇ ಇದೆ.

ಅವಳು ಹೋದಾಗ ಎಡ ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಧರಿಸಿ, ಕೂರಿಸಿ ಸಮಾಧಿ ಮಾಡಿದರು. ನಾನು ಹತ್ತಿರ ನಿಂತು ನೋಡಿದೆ. ರಸ್ತೆಯ ಆಚೆಯಿಂದಲ್ಲ.

ಕಾರ್ಯದ ದಿನ ಬೆಳಿಗ್ಗೆ ಗಿಟಾರ್ ಪೆಟ್ಟಿಗೆ ತೆರೆದು ಉಕ್ಕನ್ನು ಒರೆಸುತ್ತಿದ್ದೆ. ಸೊಸೆ ಬಂದು ಪಕ್ಕ ಕೂತಳು. ಮಡಿಲಿನಿಂದ ಲಿಂಗ ಕಟ್ಟಿಕೊಳ್ಳುವ ಹೊಸ ಶಿವದಾರ ತೆಗೆದು, ರೇಷ್ಮೆ ಗಂಟಿನ ಪಕ್ಕ ಇಟ್ಟಳು.

"ಹಳೇ ದಾರ ಅಷ್ಟೊತ್ಗೇ ಮಾಸೋಗಿತ್ತು ಅತ್ತೆ. ಮಠದಿಂದ ತಂದು ಮಡ್ಗಿದ್ದೆ," ಎಂದಳು.

"ಯಾವಾಗ ತಂದೆ?"

"ನೀವು ತೆಗ್ದಿಟ್ರಲ್ಲ, ಆ ವಾರನೇ."

ಅಷ್ಟು ಕಾಲ ಅದನ್ನು ಎಲ್ಲಿ ಇಟ್ಟುಕೊಂಡಿದ್ದಳೋ. ನಾನು ಅವಳ ಮುಖ ನೋಡಲಾರದೆ ಗಂಟು ಬಿಚ್ಚಿದೆ. ನೀರು, ವಿಭೂತಿ, ಒಂದು ಎಲೆ ಬಿಲ್ವ. ಎಡ ಅಂಗೈ ಮೇಲೆ ಇಟ್ಟುಕೊಂಡೆ. ಉಕ್ಕು ಹಿಡಿದು ಹಿಡಿದು ಆ ಅಂಗೈಯಲ್ಲಿ ಒಂದು ಗೆರೆ ಕೆಂಪಗೆ ಮೂಡಿತ್ತು. ಲಿಂಗ ಆ ಗೆರೆಯ ಮೇಲೇ ಕೂತಿತು. ಮಂತ್ರ ನೆನಪಿರಲಿಲ್ಲ. ಮಂಡಿ ನೋಯುತ್ತಿತ್ತು. ಸುಮ್ಮನೆ ನೋಡುತ್ತಾ ಕೂತೆ.

ಕಾರ್ಯಕ್ಕೆ ನಮ್ಮ ಮೇಳ ಬಂದಿತ್ತು. ಹಾಡುವ ಮೊದಲು ಮೈಕಿನಲ್ಲಿ ಹೇಳಿದೆ, "ಅವತ್ತು ಬೇಕಂತ ಮಾಡಿದ್ದಲ್ಲ ಕಣ್ರವ್ವ. ನಂಗೆ ಗೊತ್ತಾಗ್ಲಿಲ್ಲ. ದೇವ್ರು ಅಂದ್ಕೊಂಡಿದ್ದೆ. ನಾಚ್ಕೆಗೆ ಸುಳ್ಳೇಳ್ದೆ." ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ತಾಳ ಎತ್ತಿಕೊಂಡರು. ಬಕೆಟ್ಟಿನವಳು ಮೊದಲ ಸಾಲಿಗೇ ದನಿ ಸೇರಿಸಿದಳು. ಅವಳಿಗೆ ಧಾಟಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಕೊನೆಯ ಸಾಲಿನಲ್ಲಿ ಉಕ್ಕು ಮೇಲಕ್ಕೆ ಹೋಗಿ ನಿಂತಿತು. ಮೇಳದವರೆಲ್ಲ ನನ್ನ ಬಾಯಿ ನೋಡಿದರು. ಹೆಸರು ಬರಲಿಲ್ಲ. ಹೆಸರಿಲ್ಲದೆಯೇ ಹಾಡು ಮುಗಿಯಿತು. ಅಕ್ಕ ಒಪ್ಪುತ್ತಿದ್ದಳು ಎಂದುಕೊಂಡೆ.

ಅದಾದ ಮೇಲಿನ ಒಂದು ಬೆಳಿಗ್ಗೆ ಗಾಡಿ ಬಂತು. ಸೊಸೆ ಒಲೆಯ ಮುಂದಿದ್ದಳು. ಬಕೆಟ್ಟುಗಳನ್ನು ನಾನೇ ಹಿಡಿದು ಹೋದೆ, ಹಸಿ ಬೇರೆ, ಒಣ ಬೇರೆ. ಬೀದಿಯವರೆಲ್ಲ ನನ್ನನ್ನು ನೋಡಿ ನಗು ತಡೆದುಕೊಂಡು ನಿಂತಿದ್ದರು. ಮುಖ ಎಲ್ಲಿ ಇಟ್ಟುಕೊಳ್ಳಲಿ ಎನ್ನಿಸಿತು. ದಿನವೂ ಅನ್ನಿಸುತ್ತದೆ. ಸ್ಪೀಕರು ಮೇಲಿನ 'ಸ'ಕ್ಕೆ ಹೋಗಿ ಕೆಳಗಿಳಿದು ಮತ್ತೆ ಮೊದಲಿನಿಂದ ಶುರುವಾಗುವ ಮುಂಚೆ ಒಂದು ಗಳಿಗೆ ಸುಮ್ಮನಿರುತ್ತದೆ. ಆ ಗಾಡಿಯ ಹಾಡಿಗೂ ಅಂಕಿತವಿಲ್ಲ.

ಬಕೆಟ್ಟು ಎತ್ತಿ ಕೊಡುತ್ತಾ ಆ ಸುಮ್ಮನಿರುವ ಜಾಗದಲ್ಲಿ, ಬಾಯೊಳಗೇ, ಮಲ್ಲಯ್ಯ ಅಂದೆ.